ಹತ್ತೊಂಬತ್ತು ತಿಂಗಳ ಸುಳ್ಳು

ಇವತ್ತು ಬೆಳಗ್ಗೆ ಮೊಮ್ಮಗಳು ಗೀತ ಫೋನನ್ನು ನನ್ನ ಕಣ್ಣಿಗೆ ಹಿಡಿದಳು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಇಂಗ್ಲಿಷು ಬಾರದು, ಅಂಕಿ ಬರುತ್ತದೆ. ಎಪ್ಪತ್ತು ಎಂದಿತ್ತು.

"ಅರವತ್ತೈದು ಸಾಕಿತ್ತು ಕಣಜ್ಜಿ, ಎಪ್ಪತ್ತು ಬಂತು" ಅಂದಳು.

ಒಲೆ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ತಿಳಿಯಲಿಲ್ಲ. ಹಾಲಿನವನಿಗೆ ಹೇಳಿದೆ, ಆಟೋದವನಿಗೆ ಹೇಳಿದೆ, ಕೇಳುವವರು ಮುಗಿದ ಮೇಲೆ ಎಮ್ಮೆಗೂ ಹೇಳಿದೆ. ಆದರೆ ಅವರಲ್ಲಿ ಯಾರಿಗೂ ಹೇಳದ್ದು ಒಂದಿದೆ. ಅದನ್ನು ನಿಮಗೆ ಹೇಳಿಬಿಡುತ್ತೇನೆ.

ಗೀತ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ನರ್ಸು. ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲೇ ಕಾಯಂ ಇರಬೇಕೆಂದು ಅವಳಿಗೆ ಆಸೆ. ಆ ದೇಶದವರು ಹಾಗೆಲ್ಲ ಸುಮ್ಮನೆ ಬರಮಾಡಿಕೊಳ್ಳುವುದಿಲ್ಲವಂತೆ. ಇಂತಿಂಥದಕ್ಕೆ ಇಷ್ಟಿಷ್ಟು ಪಾಯಿಂಟು ಅಂತ ಇಟ್ಟಿದ್ದಾರೆ, ಅರ್ಜಿ ಹಾಕುವ ಮೊದಲು ನಾವೇ ಕೂಡಿ ನೋಡಿಕೊಳ್ಳಬೇಕು. ಹೋದ ವರ್ಷ ಹೊನ್ನೂರಿನ ನಮ್ಮ ಜಗುಲಿ ಮೇಲೆ ಕೂತು ಅವಳು ಕೂಡುತ್ತಿದ್ದಳು. ನಾನು ಅಲಸಂದೆಕಾಯಿ ಬಿಡಿಸುತ್ತಾ ಪಕ್ಕದಲ್ಲಿದ್ದೆ.

"ಓದಿಗೆ ಹದಿನೈದು. ಆರು ವರ್ಷ ಕೆಲಸ ಮಾಡಿದ್ದಕ್ಕೆ ಹತ್ತು. ಇಂಗ್ಲಿಷ್ ಪರೀಕ್ಷೆ ಬರೀ ಪಾಸು, ಅದಕ್ಕೆ ಸೊನ್ನೆ."

"ರೋಗಿಗಳ ಹೇಲು ಉಚ್ಚೆ ಬಾಚಿದ್ಯಲ್ಲ, ಅದ್ಕೆಷ್ಟು?"

"ಅದ್ಕಿಲ್ಲ. ಮದುವೆ ಆಗ್ದೆ ಇರೋದಕ್ಕೆ ಹತ್ತು."

ನನ್ನ ಕೈಯ ಅಲಸಂದೆಕಾಯಿ ಹಾಗೇ ನಿಂತಿತು. ಇವಳಿಗೆ ಇನ್ನೂ ಗಂಡು ಸಿಕ್ಕಿಲ್ಲವೆಂದು ಎದುರು ಮನೆ ಚಿಕ್ಕತಾಯಿ ಹತ್ತು ವರ್ಷದಿಂದ ನನ್ನನ್ನು ಚುಚ್ಚಿದ್ದಾಳೆ. ಕೂಗಿ ಹೇಳಿದೆ. "ಚಿಕ್ಕತಾಯೀ, ಮದ್ವೆ ಆಗ್ದಿದ್ರೆ ಆ ದೇಸ್ದಲ್ಲಿ ಹತ್ ಪಾಯಿಂಟು ಕಣಮ್ಮಿ."

"ಅಂಗಾರೆ ನಿನ್ ಮೊಮ್ಮಗಳ್ನ ಅಲ್ಗೇ ಕಳ್ಸು" ಅಂದಳು ಅವಳು.

ಮೂವರೂ ನಗುತ್ತಿದ್ದೆವು. ಗೀತ ನಗು ನಿಲ್ಲಿಸಿದಳು.

"ವಯಸ್ಸಿಗೆ ಮೂವತ್ತು ಸಿಕ್ಕೋದು ಮೂವತ್ಮೂರು ತುಂಬೋವರೆಗೆ. ನಂಗೆ ಮೊನ್ನೆ ಜೂನ್ ಒಂದಕ್ಕೆ ತುಂಬ್ತು. ಇನ್ ಇಪ್ಪತ್ತೈದೇ. ಒಟ್ಟು ಅರವತ್ತು. ಅರವತ್ತೈದಕ್ಕೆ ಐದು ಕಮ್ಮಿ."

ಜೂನ್ ಒಂದು. ನಮ್ಮೂರ ಶಾಲೆಯ ದಾಖಲೆ ನೋಡಿದರೆ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು. ಗೀತ ಹುಟ್ಟಿದ್ದು ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಅದೂ ದಾಖಲೆಯ ಆ ಜೂನ್ ಕಳೆದು ಹತ್ತೊಂಬತ್ತು ತಿಂಗಳಾದ ಮೇಲೆ. ನನಗೆ ಗೊತ್ತು, ಹೊಕ್ಕುಳಬಳ್ಳಿ ಕತ್ತರಿಸಿದ್ದೇ ನಾನು.

ಮಗಳೂ ಅಳಿಯನೂ ಕೊಯಮತ್ತೂರಿನ ಮಿಲ್ಲಿಗೆ ದುಡಿಯಲು ಹೋಗಿ ಕೂಸನ್ನು ನನ್ನ ಹತ್ತಿರ ಬಿಟ್ಟಿದ್ದರು. ನಾಟಿ ಕಾಲ ಬಂತು. ಕೂಸು ಬದುವಿನ ಮೇಲೆ ಅಳುತ್ತಿದ್ದರೆ ಕೈ ಓಡುವುದಿಲ್ಲ, ಅದನ್ನು ತರುವುದಾದರೆ ನೀನೂ ಬರಬೇಡ ಎಂದರು ನಾಟಿ ಹೆಂಗಸರು. ಮಾರನೇ ದಿನವೇ ಶಾಲೆಗೆ ಕರೆದುಕೊಂಡು ಹೋದೆ. ಬಲಗೈಯನ್ನು ತಲೆ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ಎಂದು ಲೆಕ್ಕ. ನಾಲ್ಕೂವರೆ ವರ್ಷದ ಕೈ ಎಲ್ಲಿ ಮುಟ್ಟೀತು? "ತಲೆ ವಾಲ್ಸು ಮಗ" ಎಂದು ಕಿವಿಯಲ್ಲಿ ಉಸುರಿ, ಹಿಂದಿನಿಂದ ಮೊಣಕೈ ನೂಕಿದೆ. ಮೇಷ್ಟ್ರು ಕಂಡೂ ಕಾಣದವರಂತೆ ಬರೆದುಕೊಂಡರು. ಸಹಿ ನಾನೇ ಹಾಕಿದೆ. ಆಮೇಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಬೇರೆ. ನನ್ನ ಮೊಮ್ಮಗಳು ಎಷ್ಟು ಚುರುಕೆಂದರೆ ಮನೆಯಲ್ಲಿ ನಿಲ್ಲುವುದೇ ಇಲ್ಲ, ಶಾಲೆ ಶಾಲೆ ಅಂತಾಳೆ ಎಂದು. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಐದು ಕಮ್ಮಿಯಾದ ವಾರದಲ್ಲಿ, ಅವಳಿಗೆ ಹೇಳದೆ, ಯಳಂದೂರಿಗೆ ಹೋದೆ. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಟೈಪು ಮಾಡುವವನಿಗೆ ಎಲ್ಲ ಹೇಳಿದೆ.

"ಹುಟ್ಟಿದ್ದಕ್ಕೆ ಸಾಕ್ಷಿ ಯಾರಮ್ಮ?"

"ನಾನೇ ಸಾ."

"ಸಾಲೇಲಿ ಬರ್ಸಿದ್ದು ಯಾರು?"

"ಅದೂ ನಾನೇ."

ಅವನು ಕನ್ನಡಕ ತೆಗೆದ. "ಎರಡ್ರಲ್ಲಿ ಯಾವ ನಿಮ್ಮನ್ನ ನಂಬೋದು, ಹೇಳಿ?" ಅಂದ. ಹತ್ತನೇ ಕ್ಲಾಸಿಂದ ಹಿಡಿದು ನರ್ಸಿಂಗಿನವರೆಗೆ ಎಲ್ಲ ಕಾಗದವೂ ಆ ತಾರೀಕನ್ನೇ ನಂಬಿವೆ, ಈಗ ಕೆದಕಿದರೆ ಹುಡುಗಿಗೇ ತೊಂದರೆ ಎಂದ. ಬಸ್ಸು ಹಿಡಿದು ವಾಪಸ್ಸು ಬಂದೆ.

ಚೆನ್ನಾಗಿ ಪಾಸಾದರೆ ಇಂಗ್ಲಿಷಿಗೂ ಹತ್ತು ಸಿಗುತ್ತದಂತೆ, ಗೀತ ಮತ್ತೆ ಇಂಗ್ಲಿಷು ಓದಲು ಕೂತಳು. ಡ್ಯೂಟಿ ಮುಗಿಸಿ ಬಂದವಳೇ ಕಿವಿಗೆ ವೈರು ಸಿಕ್ಕಿಸಿಕೊಂಡು ಯಾರೋ ಮಾತಾಡಿದ್ದನ್ನು ಬರೆಯುವುದು, ಅಳಿಸುವುದು. ಕಣ್ಣ ಕೆಳಗೆ ಕಪ್ಪಾಯಿತು, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ನಾನು ಒಂದು ವರ್ಷ ಬಾಯಿ ಬಿಡದೆ ಮುದ್ದೆ ಕಟ್ಟಿ ಇಟ್ಟೆ. ನಿಜದ ಲೆಕ್ಕದಲ್ಲಿ ಇವತ್ತಿಗೂ ಅವಳಿಗೆ ಮೂವತ್ತೆರಡೇ. ಆ ವರ್ಷವೆಲ್ಲ ಅವಳು ಸವೆದದ್ದು ನಾನು ಕಿತ್ತುಕೊಂಡ ಐದಕ್ಕೆ.

ಇವತ್ತು ಇಂಗ್ಲಿಷಿಗೆ ಹತ್ತು ಬಂತು. ಎಪ್ಪತ್ತಾಯಿತು. ಕರೆಯುವುದು ಬಿಡುವುದು ಅವರಿಷ್ಟ, ಅರ್ಜಿಯನ್ನಂತೂ ಹಾಕಬಹುದು. ಅವಳ ಡ್ಯೂಟಿಯ ಬಸ್ಸಿಗೆಂದು ಇಬ್ಬರೂ ರಸ್ತೆಗೆ ನಡೆದೆವು. ಹಿಗ್ಗಿಗೋ ಏನೋ, ಬಾಯಿ ತಾನಾಗಿ ಬಿಟ್ಟುಕೊಂಡಿತು. ಕಿವಿಯದು, ಸಹಿಯದು, ಯಳಂದೂರಿನದು, ಎಲ್ಲ ಹೇಳಿದೆ.

"ವಯಸ್ ಎಚ್ಚಿಗೆ ಬರ್ಸಿದ್ದು ಗೊತ್ತು ಬುಡಜ್ಜಿ. ಅವ್ವ ಹೇಳಿದ್ಲು" ಅಂದಳು. "ನಾ ಚುರುಕು ಅಂತ ತಾನೇ?"

"ಅಲ್ಲ ಮಗ. ನಾಟಿಗೆ ಅಡ್ಡ ಆಯ್ತಿದ್ದೆ ಅಂತ."

ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು. "ಸಾಲೇಲಿ ನಾ ದಿನಾ ಅಳ್ತಿದ್ದೆ. ಗೊತ್ತಿತ್ತಾ?"

"ಗದ್ದೆಗೆ ಕೇಳ್ತಿತ್ತು."

ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತಳು. ಕೈ ಬೀಸಲಿಲ್ಲ, ಮುಖ ತಿರುಗಿಸಿಕೊಳ್ಳಲೂ ಇಲ್ಲ. ಬಸ್ಸು ಹೊರಡುವವರೆಗೆ ನನ್ನನ್ನೇ ನೋಡುತ್ತಿದ್ದಳು. ನಾನೂ ತಲೆ ತಗ್ಗಿಸದೆ ನಿಂತೆ.