ಎರಡು ಪಾತ್ರೆ ಸಾರು

ಮೊನ್ನೆ ಭಾನುವಾರ ಬೆಳಗ್ಗೆ ಮೇಲಿನ ಮನೆಯವರು ತೊಗರಿಬೇಳೆ ಬೇಯಿಸಿ ಕಟ್ಟು ಬಸಿಯುತ್ತಿದ್ದರು. ಬೆಂದ ಬೇಳೆಯ ವಾಸನೆ, ಅದರ ಹಿಂದೆಯೇ ಬೆಲ್ಲ ಕರಗುವ ವಾಸನೆ ಮೆಟ್ಟಿಲಿಳಿದು ನನ್ನ ಬಾಗಿಲಿಗೆ ಬಂತು. ಹಲ್ಲುಜ್ಜುತ್ತಿದ್ದವಳು ಹಾಗೇ ನಿಂತೆ. ಒಬ್ಬಟ್ಟು ಮಾಡುವ ದಿನದ ಈ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದಂತೆ. ನನಗೆ ಪುಟ್ಟೇನಹಳ್ಳಿಯ ಎದುರುಮನೆ ಆಂಟಿ ನೆನಪಾಗುತ್ತಾರೆ...

ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಲಹಂಕದ ಆ ಪುಟ್ಟೇನಹಳ್ಳಿಯಲ್ಲಿ, ಮೊದಲ ಮಹಡಿಯ ಒಂದು ಕೋಣೆಯ ಮನೆಯಲ್ಲಿ ನಾನು ಬಾಡಿಗೆಗಿದ್ದೆ. ಎದುರಿನ ಬಾಗಿಲು ಅವರದು. ನಡುವೆ ನಾಲ್ಕು ಹೆಜ್ಜೆ. ಹೆಸರಘಟ್ಟದ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡಿ ಒಬ್ಬಳೇ ಮಗಳನ್ನು ಓದಿಸಿದ್ದರು. ಹತ್ತೊಂಬತ್ತು ವರ್ಷ, ದಿನಕ್ಕೆ ಇನ್ನೂರು ಮಕ್ಕಳು. ಉಪ್ಪಿಗೆ ಎಂದೂ ಚಮಚ ಮುಟ್ಟಿದವರಲ್ಲ. ನಾನು ದಿನಚರಿ ಬರೆಯುವುದನ್ನು, ಹಾಲಿನ ಪಾಕೆಟ್ಟಿನಿಂದ ಹಿಡಿದು ಬಸ್ಸು ತಡವಾದ ನಿಮಿಷಗಳವರೆಗೆ ಎಲ್ಲವನ್ನೂ ಗುರುತು ಹಾಕುವುದನ್ನು ನೋಡಿ ನನಗೆ ‘ಲೆಕ್ಕದಮ್ಮ’ ಎಂದು ಹೆಸರಿಟ್ಟಿದ್ದರು.

ಆ ವರ್ಷದ್ದು ಮಗಳ ಮದುವೆಯಾದ ಮೇಲಿನ ಮೊದಲ ಯುಗಾದಿ. ಅಳಿಯನ ಕಡೆಯವರನ್ನು ಹಬ್ಬದೂಟಕ್ಕೆ ಕರೆಯಬೇಕು. ಬೀಗರು ಅಬ್ಬಿಗೆರೆಯವರು, ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಕಟ್ಟಡ ಎಬ್ಬಿಸಿದವರು. ಹುಡುಗ ಹುಡುಗಿ ಮೆಚ್ಚಿ ಆದ ಮದುವೆ. ಬೀಗಿತ್ತಿಗೆ ಈ ಸಂಬಂಧ ಮನಸ್ಸಿಗೆ ಬಂದಿರಲಿಲ್ಲ. ಇಪ್ಪತ್ತಾರು ಜನ ಬರುತ್ತೇವೆ, ನಿಮ್ಮ ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ, ಅಡುಗೆಯವರನ್ನು ನಾವೇ ಕಳಿಸುತ್ತೇವೆ ಎಂದು ಆಕೆ ಫೋನು ಮಾಡಿದ್ದರು.

“ನನ್ನ ಮನೆ ಅಬ್ಬಕ್ಕೆ ಅವರ ಅಡುಗೆಯೋರಾ?” ಎಂದರು ಆಂಟಿ, ಫೋನು ಇಟ್ಟ ಮೇಲೆ. “ಅಡುಗೆಯೋಳ ಮಗಳು ಅಂತ ಆಗ್ಲೇ ಆಡ್ಕೊಂಡವ್ರೆ ಕಣೇ. ಒಂದಿನ ನನ್ ಕೈ ಊಟ ಉಂಡು ಓಗ್ಲಿ. ಆಮ್ಯಾಲೆ ಅದೇ ಬಾಯಲ್ಲಿ ನನ್ ಮಗಳ್ನ ಏನಂತಾರೋ ನೋಡಾನ.”

ಅವರಲ್ಲಿದ್ದದ್ದು ಎರಡು ಬರ್ನರಿನ ಸ್ಟವ್, ಐದು ಲೀಟರಿನ ಒಂದು ಕುಕ್ಕರ್, ಒಂದು ಕಾವಲಿ, ಎರಡು ಅಲ್ಯೂಮಿನಿಯಂ ಪಾತ್ರೆ. ಬಾಡಿಗೆಗೆ ದೊಡ್ಡ ಪಾತ್ರೆ ತಂದರೆ ಆ ಸ್ಟವ್ ಮೇಲೆ ಕೂರುವುದಿಲ್ಲ. ತಾರಸಿಯಲ್ಲಿ ದೊಡ್ಡ ಒಲೆ ಹಚ್ಚಲು ಮನೆ ಮಾಲೀಕರು ಒಪ್ಪಲಿಲ್ಲ. ಎಲೆ ಹಾಕಲು ಜಾಗ ಕೊಟ್ಟಿದ್ದೇ ಹೆಚ್ಚು. ನನ್ನ ಇಂಡಕ್ಷನ್ ಒಲೆಗೆ ಅವರ ಪಾತ್ರೆಗಳು ಆಗಲಿಲ್ಲ. “ಒಲೆ ಎರಡೇ ಆದ್ರೂ ಬೆಳಗ್ಗೆ ಉದ್ದ ಐತೆ ಬಿಡು” ಎಂದರು.

ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಅವರ ಮನೆಯ ನೆಲದ ಮೇಲೆ ಕೂತೆವು. ಅವರು ಹೇಳಿದರು, ನಾನು ಬರೆದೆ. ಹೂರಣ ಹಿಂದಿನ ದಿನವೇ ಮುಗಿಯಬೇಕು. ಆರಿದರೂ ನಡೆಯುವ ಪಲ್ಯ, ಚಿತ್ರಾನ್ನ ಬೆಳಗ್ಗೆ ಮೊದಲು. ಅನ್ನ ನಾಲ್ಕು ಕುಕ್ಕರ್. ಒಂದೊಂದೇ ಆದಂತೆ ಬಟ್ಟೆ ಹಾಸಿದ ಬಿದಿರು ಬುಟ್ಟಿಗೆ ಸುರಿದು ಕಂಬಳಿ ಸುತ್ತುವುದು. ತಲೆಗೆ ಮೂರರಂತೆ ಎಪ್ಪತ್ತೆಂಟು ಒಬ್ಬಟ್ಟು. ಸುಡುಸುಡು ಇರಬೇಕಾದ ಒಬ್ಬಟ್ಟಿನ ಸಾರು ಕೊನೆಗೆ. ಇಪ್ಪತ್ತಾರು ಜನರ ಸಾರು ಒಂದು ಪಾತ್ರೆಗೆ ಹಿಡಿಸುವುದಿಲ್ಲವಾದ್ದರಿಂದ ಎರಡು ಪಾತ್ರೆಯಲ್ಲಿ. ಇಷ್ಟನ್ನೂ ನಾನು ಅರ್ಧರ್ಧ ಗಂಟೆಯ ಪಟ್ಟಿ ಮಾಡಿದೆ. ಎಡಗಡೆ ಒಲೆಗೆ ಒಂದು ಸಾಲು, ಬಲಗಡೆ ಒಲೆಗೆ ಒಂದು ಸಾಲು. ಆ ಪಟ್ಟಿಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಆಫೀಸಿನಲ್ಲೂ ನಾಲ್ಕು ಜನಕ್ಕೆ ತೋರಿಸಿದ್ದೆ.

ಹಬ್ಬದ ದಿನ ಎಲ್ಲ ಪಟ್ಟಿಯಂತೆಯೇ ನಡೆಯಿತು. ಆಂಟಿ ಮಾಡುವುದು, ನಾನು ಗುರುತು ಹಾಕುವುದು. ಕೊನೆಗೆ ಎರಡೂ ಒಲೆಯ ಮೇಲೆ ಸಾರು ಕೂತಿತು. ಬಲಗಡೆಯ ಬರ್ನರು ದೊಡ್ಡದು. ಅದರ ಮೇಲಿನ ಪಾತ್ರೆ ಮೊದಲು ಕುದಿಯಿತು. ಆಂಟಿ ಒಂದೂವರೆ ಹಿಡಿ ಉಪ್ಪು ಹಾಕಿದರು. ‘ಬಲಗಡೆ, ಉಪ್ಪು’ ಎಂದು ಗುರುತು ಹಾಕಿದೆ. ಇನ್ನೊಂದೂ ಬೇಗ ಕುದಿಯಲೆಂದು ಪಾತ್ರೆಗಳನ್ನು ಅದಲು ಬದಲು ಮಾಡಿದೆವು. ಬಟ್ಟೆ ಹಿಡಿದು ಒಂದು ಕಡೆ ಎತ್ತಿದವಳು ನಾನೇ.

ಅಷ್ಟರಲ್ಲಿ ಬೀದಿಯಲ್ಲಿ ಕಾರುಗಳು ನಿಂತವು. ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಇಳಿದು ಹೋಗಿ, ಬೀಗರನ್ನು ತಾರಸಿಗೆ ಹತ್ತಿಸಿ, ಏದುಸಿರು ಬಿಡುತ್ತ ಬಂದರು. ಮುಖದಲ್ಲಿ ಎಂಥ ಸಂತೋಷವಿತ್ತು...

“ಉಪ್ಪು ಯಾವುದಕ್ಕೆ ಆಕ್ದೆ, ಲೆಕ್ಕದಮ್ಮ?”

ನಾನು ಒಲೆಯ ಕಡೆ ನೋಡಲಿಲ್ಲ. ಪಟ್ಟಿ ನೋಡಿದೆ. “ಬಲಗಡೆಯದಕ್ಕೆ ಹಾಕಿದ್ದೀರ ಆಂಟಿ. ಎಡಗಡೆಯದಕ್ಕೆ ಇನ್ನೂ ಇಲ್ಲ.”

ಅವರು ಎಡಗಡೆಯ ಪಾತ್ರೆಗೆ ಒಂದೂವರೆ ಹಿಡಿ ಹಾಕಿದರು. ಅದು ಆಗಲೇ ಉಪ್ಪು ಬಿದ್ದಿದ್ದ ಪಾತ್ರೆ. ದೇವರಿಗೆ ಎಡೆ ಇಡುವ ತನಕ ಹಬ್ಬದಡುಗೆಯನ್ನು ನಾಲಿಗೆಗೆ ಇಡುವಂತಿಲ್ಲ. ಆಂಟಿ ಆ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಡೆ ಇಟ್ಟು ಕೈ ಮುಗಿಯುವಷ್ಟರಲ್ಲಿ ಮೇಲೆ ಹದಿಮೂರು ಎಲೆಯ ಮೊದಲ ಪಂಕ್ತಿ ಕೂತಾಗಿತ್ತು.

ಆ ಪಂಕ್ತಿಯಲ್ಲಿ ಹಿರಿಯರೆಲ್ಲ ಇದ್ದರು. ಒಬ್ಬಟ್ಟನ್ನು ಎಲ್ಲರೂ ಮೆಚ್ಚಿದರು. ಸಾರು ಬಿತ್ತು. ಒಬ್ಬರು ಕೆಮ್ಮಿದರು, ಒಬ್ಬರು ನೀರು ಕೇಳಿದರು. ಬೀಗಿತ್ತಿ ಅನ್ನವನ್ನು ಎಲೆಯಂಚಿಗೆ ಸರಿಸಿ ಸಮಾಧಾನದಿಂದಲೇ ಹೇಳಿದರು: “ಇನ್ನೂರು ಮಕ್ಕಳಿಗೆ ಹಾಕಿ ಅಭ್ಯಾಸ ಆಗಿರೋ ಕೈ ನೋಡಿ. ನಮ್ಮಂಥೋರ ಅಂದಾಜು ಸಿಕ್ಕಿಲ್ಲ.”

ಪಂಕ್ತಿ ನಕ್ಕಿತು. ಪಲ್ಯದ ಪಾತ್ರೆ ಹಿಡಿದು ಬಡಿಸುತ್ತಿದ್ದ ಮಗಳು ಬಗ್ಗಿದವಳು ಬಗ್ಗಿದಂತೆಯೇ ನಿಂತಳು.

“ಔದು ಬೀಗ್ರೆ, ತಪ್ಪಾಯ್ತು. ಮೊಸರು ಬಡಿಸ್ತೀನಿ, ತಡೀರಿ” ಎಂದರು ಆಂಟಿ.

ಕೆಳಗೆ ಬಂದು ಎರಡೂ ಸಾರು ರುಚಿ ನೋಡಿದರು. ಒಂದು ಬಾಯಿಗಿಡಲಾಗದಷ್ಟು ಉಪ್ಪು, ಇನ್ನೊಂದು ಸಪ್ಪೆ. ಸೌಟಿನಿಂದ ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿ ಹದ ಮಾಡಿದರು. ಎರಡನೆಯ ಪಂಕ್ತಿಯವರು ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ಆದರೆ ಆಡುವವರು ಆಡಿಯಾಗಿತ್ತು.

ಬೀಗರು ಹೊರಟ ಮೇಲೆ ಪಾತ್ರೆ ತೊಳೆಯುತ್ತ ಅವರು ಹೇಳಿದ್ದು ಇಷ್ಟೇ: “ನಿನ್ ಪಟ್ಟೀಲಿ ಎಲ್ಲಾ ಸರಿಯಾಗೇ ಇತ್ತು ಕಣಮ್ಮ. ಎಲ್ಲೋ ಮಧ್ಯದಲ್ಲಿ ನಾನೇ ಗ್ಯಾನ ಇಲ್ದೆ ಎರಡ್ಸಲ ಆಕ್ಬಿಟ್ಟಿವ್ನಿ.”

ಮನೆಗೆ ಬಂದು ದಿನಚರಿ ಬರೆಯಲು ಕೂತಾಗ ನನಗೆ ಹೊಳೆಯಿತು. ನಾನು ಗುರುತು ಹಾಕಿದ್ದು ಒಲೆಗೆ, ಉಪ್ಪು ಬಿದ್ದದ್ದು ಪಾತ್ರೆಗೆ. ಪಾತ್ರೆ ಜಾಗ ಬದಲಿಸಿತ್ತು, ಗುರುತು ಅಲ್ಲೇ ಇತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅವರು ಮಂಕಾಗಿದ್ದರು, ನಾಡಿದ್ದು ಹೇಳೋಣ ಎಂದುಕೊಂಡೆ...

ಅದಾಗಿ ಎಂಟು ದಿನಕ್ಕೆ ರಾಮನವಮಿ. ಬೀದಿಗೆಲ್ಲ ಪಾನಕ, ಕೋಸಂಬರಿ ಪ್ರತಿವರ್ಷ ಅವರದೇ ಕೈ. ಕೇಳಲು ಬಂದವರಿಗೆ, “ಬೇರೆಯೋರ ಕೈಲಿ ಮಾಡ್ಸಿ. ನನ್ ಕೈ ಓಗೈತೆ” ಎಂದು ಹೇಳಿ ಕಳಿಸಿದರು. ಒಂದು ದಿನ ಸಂತೆಯಿಂದ ಅಳತೆಯ ಚಮಚ ತಂದರು. ಒಬ್ಬರಿಗೆ ಮಾಡಿಕೊಂಡ ಸಾರನ್ನೂ ಬಟ್ಟಲಲ್ಲಿ ತಂದು, “ನೋಡೇ, ಸರಿ ಐತಾ?” ಎಂದು ನನ್ನನ್ನು ಕೇಳುತ್ತಿದ್ದರು. ಪ್ರತಿಸಲವೂ ಸರಿಯಾಗಿತ್ತು. “ಸರಿ ಇದೆ ಆಂಟಿ” ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ.

ಆಮೇಲೆ ನಾನು ಹೆಬ್ಬಾಳಕ್ಕೆ ಮನೆ ಬದಲಿಸಿದೆ. ಮಾರನೆಯ ವರ್ಷ ಅವರು ಮಲಗಿದ್ದಲ್ಲೇ ತೀರಿಕೊಂಡರು. ಹೋಗಿ ಮುಖ ನೋಡಿದೆ. ಅಷ್ಟು ಜನರ ನಡುವೆ, ಆ ಹೊತ್ತಿನಲ್ಲಿ, ಸಾರಿನ ಮಾತು ಯಾರ ಹತ್ತಿರ ಆಡುವುದು?

ಬೇಳೆಯ ವಾಸನೆ ಬಂದ ಆ ಭಾನುವಾರ ಸಂಜೆ ಅವರ ಮಗಳಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಒಲೆ, ಪಾತ್ರೆ, ಗುರುತು.

“ನಮ್ಮತ್ತೆ ಈಗ್ಲೂ ಅಂತಾರೆ. ಉಪ್ಪು ನೋಡಿ ಹಾಕಮ್ಮ, ನಿಮ್ಮಮ್ಮನ ಥರ ಆಗ್ಬಾರ್ದು ಅಂತ” ಎಂದಳು. ಆಮೇಲೆ, “ನಂಗೆ ಅದು ಅಭ್ಯಾಸ ಆಗೋಗಿದೆ, ಬಿಡಿ. ಅಮ್ಮಂಗೆ ಹೇಳಿದ್ರಾ?”

“ಇಲ್ಲ.”

“ಅಮ್ಮಂಗೆ ಒಂದ್ಮಾತು ಹೇಳ್ಬೋದಿತ್ತಲ್ರೀ” ಎಂದಳು. ಕೋಪವಿರಲಿಲ್ಲ. ಅಳುತ್ತಿದ್ದಳು.

ಆ ಯುಗಾದಿಯ ನಂತರ ನಾನು ಅಲ್ಲಿದ್ದದ್ದು ಹದಿನಾಲ್ಕು ತಿಂಗಳು. ದಿನಾ ಬೆಳಗ್ಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಾಗಿಲು ತೆಗೆಯುತ್ತಿದ್ದೆವು. “ಎದ್ಯಾ?” ಎನ್ನುತ್ತಿದ್ದರು. “ಎದ್ದೆ ಆಂಟಿ” ಎನ್ನುತ್ತಿದ್ದೆ.