ವಿಭೂತಿಯ ನಾಲ್ಕನೇ ಗೆರೆ

ಮನೆಯವರ ಮೇಲೆ ಅನುಮಾನ ಬಂದು, ಯಾರೂ ಇಲ್ಲದಾಗ ಅವರು ಮುಟ್ಟಿದ ವಸ್ತುವನ್ನು ಬಿಚ್ಚಿ ನೋಡಿದ್ದೀರಾ? ನಿಜ ಹೇಳಿ. ನಾನು ನೋಡಿದ್ದೇನೆ. ಬಿಚ್ಚಿದ್ದು ನಾನು, ಕೆಡಿಸಿದ್ದು ನಾನು — ಕೆಟ್ಟ ಹೆಸರು ಹೊತ್ತವನು ನನ್ನ ಭಾಮೈದ ಶಿವರಾಜ.

ಮಧುಗಿರಿಯ ನಮ್ಮ ಮನೆಯ ಹಜಾರದಲ್ಲೇ, ಮಕ್ಕಳ ಗಲಾಟೆಯ ನಡುವೆ, ನಾನು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡುವುದು. ಆ ಕಂಪ್ಯೂಟರಿಗೆ ಬಿಡಿಭಾಗ ತಂದು ಜೋಡಿಸಿದವನು ಶಿವರಾಜ. ಪಾವಗಡದಿಂದ ಬಂದು, ಅಕ್ಕನ ಕೈಯ ಮುದ್ದೆ ಉಂಡು, ನನ್ನ ಹಳೆಯ ಡಿಸ್ಕನ್ನೂ ಹೊಸದರ ಪಕ್ಕದಲ್ಲಿ ಕೂರಿಸಿ ಹೋದ. ಆನ್ ಮಾಡಿದ ಕೂಡಲೇ ಪರದೆಯಲ್ಲಿ ಒಳಗಿನ ಮದರ್‌ಬೋರ್ಡ್ ಕಂಪನಿಯ ಗುರುತು ಬರುತ್ತಿತ್ತು. ಅಲ್ಲಿ ನನ್ನ ಹೆಸರು ಬರಲಿ ಎಂದು ನನಗೆ ಚಪಲ. ಬದಲಾಯಿಸಲು, ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ಸ್‌ಗೆ ಹೋದರೆ ಪಾಸ್‌ವರ್ಡ್ ಕೇಳಿತು.

ನನ್ನ ಮನೆ, ನನ್ನ ಕಂಪ್ಯೂಟರ್ — ನನಗೇ ಬೀಗವೇ? ಅಕ್ಕ ತಮ್ಮ ಫೋನಿನಲ್ಲಿ ಮಾತಾಡುವಾಗ ನಾನು ಬಂದರೆ ದನಿ ಇಳಿಯುವುದು ನೆನಪಾಯಿತು. ಆ ಬೀಗದ ಹಿಂದಿನಿಂದಲೇ ನನ್ನ ಡಿಸೈನ್ ಕದಿಯುತ್ತಾನೋ, ಬೇರೆ ಪ್ರೆಸ್ಸಿಗೆ ಕೊಡುತ್ತಾನೋ... ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಹೆಂಡತಿಯ ತಮ್ಮನನ್ನು ಕೇಳುವುದೇ? ಕೇಳಲಿಲ್ಲ.

ಆಯುಧಪೂಜೆ ಬಂತು. ಹೆಂಡತಿ ಗಿರಿಜ ಕಂಪ್ಯೂಟರಿನ ಡಬ್ಬಕ್ಕೆ ವಿಭೂತಿ ಎಳೆದು ಹೂವಿಟ್ಟಳು. ಪೂಜೆಗಿಟ್ಟಿದ್ದನ್ನು ಮರುದಿನದವರೆಗೆ ನಮ್ಮ ಮನೆಯಲ್ಲಿ ಮುಟ್ಟುವಂತಿಲ್ಲ. ಯಾರೂ ಮುಟ್ಟದ ದಿನ — ನನಗೆ ಬೇಕಿದ್ದೂ ಅದೇ. ಅವಳು ಪ್ರಸಾದ ಕೊಡಲು ಪಕ್ಕದ ಮನೆಗೆ ಹೋದಾಗ ಡಬ್ಬದ ತಗಡು ಬಿಚ್ಚಿದೆ. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ತೆಗೆದು ಹಾಕಿದರೆ ಪಾಸ್‌ವರ್ಡ್ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ತೆಗೆದೆ, ಹಾಕಿದೆ, ಮುಚ್ಚಿದೆ. ಕೈ ತಾಗಿ ವಿಭೂತಿ ಅಳಿಸಿಹೋಗಿತ್ತು. ಅವಸರದಲ್ಲಿ ವಿಭೂತಿ ತಟ್ಟೆಗೆ ಬೆರಳು ಅದ್ದಿ ನಾನೇ ಮತ್ತೆ ಎಳೆದೆ.

ಮರುದಿನ ಆನ್ ಮಾಡಿದರೆ ಪಾಸ್‌ವರ್ಡ್ ಹೋಗಿತ್ತು, ನಿಜ. ಜೊತೆಗೆ ಅವನು ಮಾಡಿಟ್ಟ ಸೆಟ್ಟಿಂಗ್ಸೂ ಹೋಗಿ, ಹೊಸದರ ಬದಲು ಹಳೆಯ ಡಿಸ್ಕ್ ಶುರುವಾಯಿತು. ಹೊಸದರಲ್ಲಿದ್ದ ನನ್ನ ಲಗ್ನಪತ್ರಿಕೆ ಒಂದೂ ಕಾಣಲಿಲ್ಲ. ಆಗ ಬಾಯಿಂದ ಬಂದದ್ದು — "ನಿನ್ನ ತಮ್ಮ ಎಲ್ಲಾ ಅಳಿಸ್ಬುಟ್ಟವ್ನೆ ಕಣೆ."

ಗಿರಿಜ ಫೋನ್ ಮಾಡಿದ್ದೇ, ಶಿವರಾಜ ಸಿಕ್ಕ ಬಸ್ಸು ಹತ್ತಿ ಬಂದ. ಬೂಟ್ ಆರ್ಡರ್‌ನಲ್ಲಿ, ಅಂದರೆ ಯಾವ ಡಿಸ್ಕ್ ಮೊದಲು ಶುರುವಾಗಬೇಕೆಂಬ ಪಟ್ಟಿಯಲ್ಲಿ, ಹೊಸ ಡಿಸ್ಕನ್ನು ಮೇಲಕ್ಕೆ ತಂದ. ಎಲ್ಲ ಇದ್ದಲ್ಲೇ ಇತ್ತು. ಪರದೆಯ ಮೂಲೆಯ ತಾರೀಕು ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು — ಬ್ಯಾಟರಿ ತೆಗೆದರೆ ತಾರೀಕೂ ಮರೆತುಹೋಗುತ್ತದಂತೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ಏಂ ಬಾವಾ, ಬ್ಯಾಟ್ರಿ ತೆಗೆದಿದ್ರಾ? ಮಕ್ಕಳು ಒತ್ತಿ ಕೆಡಿಸ್ತಾರೆ ಅಂತ ಪಾಸ್‌ವರ್ಡ್ ಹಾಕಿದ್ದೆ. ಅಕ್ಕಂಗೆ ಹೇಳಿದ್ನಲ್ಲ."

"ಪೂಜೆಗಿಟ್ಟಿದ್ದನ್ನ ನಾನು ಮುಟ್ತೀನೇನ್ಲಾ? ಮಾಡೋದೆಲ್ಲ ಮಾಡ್ಬುಟ್ಟು ನನ್ ತಲೆಗೆ ಕಟ್ತೀಯಾ?"

ಅವನು ಕಾಫಿ ಕುಡಿಯದೆ ಎದ್ದ. ಮತ್ತೆ ನಮ್ಮ ಹೊಸಿಲು ತುಳಿದಿಲ್ಲ. ಗಿರಿಜ ತವರಿಗೆ ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಪ್ರತಿ ಆಯುಧಪೂಜೆಗೂ ಆ ಡಬ್ಬಕ್ಕೆ ಬಹಳ ನಿಧಾನವಾಗಿ ವಿಭೂತಿ ಎಳೆಯುತ್ತಾಳೆ. ಗೊತ್ತಿದೆಯೋ, ಇಲ್ಲವೋ — ಇಷ್ಟು ವರ್ಷ ಅವಳ ಬೆರಳನ್ನೇ ನೋಡುತ್ತ ಕೂತಿದ್ದೇನೆ.

ನಿನ್ನೆ, ಇಲ್ಲಿಯವರೆಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ವಿಭೂತಿ ಮೂರು ಗೆರೆ ಕಣ್ರೀ. ಅವತ್ತು ನಾಕು ಇತ್ತು. ನಂಗ್ಯಾಕೆ ಹೇಳ್ತೀರಾ, ಹೋಗಿ ಅವನಿಗೆ ಹೇಳಿ."

ನಾಳೆ ಪಾವಗಡಕ್ಕೆ ಹೊರಟಿದ್ದೇನೆ. ಅವನು ಒಳಗೆ ಕರೆಯುತ್ತಾನೋ ಇಲ್ಲವೋ, ಬಾಗಿಲಲ್ಲಿ ನಿಂತಾದರೂ ಹೇಳಿ ಬರುತ್ತೇನೆ. ನೀವೂ ಏನಾದರೂ ಕೆಡಿಸಿ ಇನ್ನೊಬ್ಬರ ಹೆಸರು ಹೇಳಿದ್ದರೆ, ಕೆಳಗೆ ಬರೆಯಿರಿ. ಬಸ್ಸಿನಲ್ಲಿ ಓದಿಕೊಂಡು ಹೋಗುತ್ತೇನೆ.