ಸೋಬಾನೆ ಪುಟ್ಟತಾಯಮ್ಮನ ಕ್ಯಾಸೆಟ್ಟು

ಪಾಲಹಳ್ಳಿಯ ಪುಟ್ಟತಾಯಮ್ಮನಿಗೆ ಯಂತ್ರಗಳ ಮೇಲೆ ಹಗೆಯೇನೂ ಇರಲಿಲ್ಲ. ಮನೆಗೆ ಮಿಕ್ಸಿ ಬಂದ ದಿನ ಒರಳುಕಲ್ಲಿಗೆ ಕೈಮುಗಿದು, "ನೀನೂ ಒಸಿ ಸುಧಾರಿಸ್ಕೋ, ನಾನೂ ಸುಧಾರಿಸ್ಕತೀನಿ" ಎಂದು ಅದನ್ನು ಹಿತ್ತಿಲಿಗೆ ಸಾಗಿಸಿದವಳು ಆಕೆ. ಟಿವಿ ಬಂತು, ಕಾಲ ಕೆಟ್ಟಿತು ಎಂದು ಜಗಲಿಯ ಮೇಲೆ ಕೂತು ಗೊಣಗುವ ಗಂಡಸರಿಗೆ, "ಮಚ್ಚು ಕುಯ್ತದೆ ಅಂತ ಮಚ್ಚಿನ ಮ್ಯಾಲೆ ಕ್ವಾಪ ಮಾಡ್ಕಂಡ್ರೆ ಸೌದೆ ಸೀಳೋರ್ಯಾರು?" ಅನ್ನುತ್ತಿದ್ದಳು. ಗೊಣಗಿದವರೇ ಸಂಜೆ ಆಕೆಯ ಮನೆಗೆ ಟಿವಿ ನೋಡಲು ಬರುತ್ತಿದ್ದರು.

ನಾಲೆ ಬಯಲಲ್ಲಿ ಎರಡೆಕರೆ ಗದ್ದೆ, ಡೈರಿಗೆ ಹಾಲು ಹಾಕಲು ಮೂರು ಹಸು, ಮಾತಿಗಿಂತ ಕೆಲಸ ಹೆಚ್ಚು ಮಾಡುವ ಗಂಡ ನರಸಯ್ಯ. ಇಷ್ಟರಲ್ಲೇ ಆಕೆ ತೃಪ್ತಳು. ಇದೆಲ್ಲದರ ಮೇಲೆ ಆಕೆಗೆ ಸೋಬಾನೆ ಪದ ಒಲಿದಿತ್ತು. ಸುತ್ತಮುತ್ತ ಮದುವೆಯಾದರೆ ಚಪ್ಪರಕ್ಕೆ, ಅರಿಶಿನಕ್ಕೆ, ಹಸೆಗೆ ಆಕೆಯೇ ಬೇಕು. ಆದರೆ ಪದ್ಧತಿ ಒಂದಿತ್ತು. ಮದುವೆ ಮನೆಯವರು ಮೊದಲು ಎಲೆ ಅಡಿಕೆ ತಂದು ಕರೆಯಬೇಕು. ಎಲೆ ಅಡಿಕೆ ಕೊಡದ ಮನೆಯಲ್ಲಿ ಸೋಬಾನೆಯವರು ಬಾಯಿ ತೆರೆಯುವುದಿಲ್ಲ. ದುಡ್ಡಿನ ಮಾತು ಅಲ್ಲಿ ಯಾವತ್ತೂ ಬಂದದ್ದಿಲ್ಲ.

ತೊಂಬತ್ಮೂರರಲ್ಲಿ ಪಾಂಡವಪುರದಲ್ಲಿ ಚೈತ್ರ ಎಂಬ ಹುಡುಗಿಯ ಮದುವೆ. ಅವಳ ಸೋದರಮಾವ ಧರ್ಮೇಂದ್ರನಿಗೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕ ಕ್ಯಾಸೆಟ್ಟಿನ ಅಂಗಡಿ. ಪುಟ್ಟತಾಯಮ್ಮನ ಮುಂದೆ ಟೇಪ್ ರೆಕಾರ್ಡರು ಇಟ್ಟು, "ದೊಡ್ಡವ್ವ, ನಿಮ್ ದನಿ ಇಡ್ದಿಟ್ಕತೀನಿ" ಅಂದ. ಆಕೆ ಹಿಗ್ಗಿಹೋದಳು. ಆಮೇಲೆ ತನ್ನ ದನಿ ತಾನೇ ಕೇಳಿಸಿಕೊಂಡು, "ಅಯ್ಯೋ, ನಾನು ಇಷ್ಟು ಮೂಗ್ನಲ್ಲಿ ಅಂತೀನಾ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು.

ಆ ಒಂದು ಕ್ಯಾಸೆಟ್ಟು ಹತ್ತಾಯಿತು, ಹತ್ತು ನೂರಾಯಿತು. ಖಾಲಿ ಕ್ಯಾಸೆಟ್ಟು ತಂದವರಿಗೆಲ್ಲ ಧರ್ಮೇಂದ್ರ ತುಂಬಿಸಿಕೊಟ್ಟ. ಅವರಿಂದ ಕೆ.ಆರ್.ಪೇಟೆಯ ಅಂಗಡಿಯವನು ತುಂಬಿಸಿಕೊಂಡ, ಅವನಿಂದ ನಾಗಮಂಗಲದವನು. ಮಾರನೆಯ ವರ್ಷದ ಲಗ್ನದ ತಿಂಗಳಲ್ಲಿ ಪುಟ್ಟತಾಯಮ್ಮನ ದನಿ ಎಲ್ಲ ಚಪ್ಪರದಲ್ಲೂ ಕೇಳುತ್ತಿತ್ತು. ಪುಟ್ಟತಾಯಮ್ಮನ ಮನೆಗೆ ಮಾತ್ರ ಎಲೆ ಅಡಿಕೆ ಬರಲಿಲ್ಲ. ಆಕೆಯ ಹೊಟ್ಟೆ ಉರಿಯಿತು. ಪದ ಹರಡಿದ್ದಕ್ಕಲ್ಲ, ಒಬ್ಬರೂ ಒಂದು ಮಾತು ಕೇಳಲಿಲ್ಲವಲ್ಲ ಎಂದು.

"ನಿನ್ ದನಿ ಬಾಡ್ಗೆ ಸೈಕಲ್ ಆಗದೆ ಬುಡು," ಅಂದ ನರಸಯ್ಯ. "ಕಂಡೋರೆಲ್ಲಾ ತುಳೀತಾವ್ರೆ."

ಅದೇ ಮಾತು ತಲೆಯಲ್ಲಿ ಕೊರೆದು ಆಕೆ ಬಸ್ಸು ಹತ್ತಿ ಧರ್ಮೇಂದ್ರನ ಅಂಗಡಿಗೇ ಹೋದಳು. ಅವನು ಸೋಡಾ ತರಿಸಿ, ನಯವಾಗಿಯೇ ವಾದ ಮಾಡಿದ.

"ಟೇಪ್ ರೆಕಾರ್ಡರು ನಂದು, ಕರೆಂಟು ನಂದು, ಕ್ಯಾಸೆಟ್ಟು ಅವ್ರವ್ರು ಕಾಸ್ ಕೊಟ್ಟು ತಂದಿದ್ದು. ಇದ್ರಾಗೆ ಯಾರ್ನ ಏನ್ ಕೇಳೋದು ದೊಡ್ಡವ್ವ?"

"ಎಮ್ಮೆ ಕಟ್ಟಿರೋ ಅಗ್ಗ ನಿಂದಾದ್ರೆ ಎಮ್ಮೆ ನಿಂದಾಯ್ತದ್ಲಾ?"

ಪುಟ್ಟತಾಯಮ್ಮ ಸೋಡಾ ಮುಟ್ಟದೆ ಎದ್ದು ಬಂದಳು.

ಅದೇ ತಿಂಗಳು ಬಾಬುರಾಯನಕೊಪ್ಪಲಿನಲ್ಲಿ ನೆಂಟರ ಹುಡುಗಿ ಅರ್ಪಿತಳ ಮದುವೆ. ಪುಟ್ಟತಾಯಮ್ಮನಿಗೆ ಊಟಕ್ಕೆ ಕರೆ ಬಂದಿತ್ತು, ಪದಕ್ಕಲ್ಲ. ಪದಕ್ಕೆ ಮೈಕ್ ಸೆಟ್ಟಿನಲ್ಲಿ ಆಕೆಯದೇ ಕ್ಯಾಸೆಟ್ಟು ಇತ್ತು. ಅಲ್ಲಿಯವರೆಗೆ ಎಲ್ಲರೂ ಅದರ ಮೊದಲ ಮಗ್ಗುಲನ್ನೇ ಹಾಕುತ್ತಿದ್ದರು. ಅದರಲ್ಲಿದ್ದುದು ಚಪ್ಪರದ ಪದ, ಅರಿಶಿನದ ಪದ. ಈ ಮದುವೆಯಲ್ಲಿ ಗಂಡಿನ ಕಡೆಯವರು ಬರುವುದು ತಡವಾಗಿ ಆ ಮಗ್ಗುಲು ಮುಗಿದುಹೋಯಿತು. ಅರ್ಪಿತ ಹಸೆಗೆ ಬಂದು ಕೂರುವ ಹೊತ್ತಿಗೆ ಮೈಕಿನವನು ಕ್ಯಾಸೆಟ್ಟು ತಿರುಗಿಸಿ ಹಾಕಿದ. ಹಿಂದಿನ ಮಗ್ಗುಲಲ್ಲಿ ಹಸೆ ಪದ. ಹಸೆ ಪದದಲ್ಲಿ ಹೆಣ್ಣಿನ ಹೆಸರು ಹಿಡಿದು ಹರಸುವುದು ವಾಡಿಕೆ.

"ಬಾಗಿಲ ಮುಂದೆ ಹಸೆಯ ಬರೆದೇವು, ನಮ್ಮ ಚೈತ್ರಮ್ಮ ಬಂದು ಕೂತಾಳೋ..."

ಮೈಸೂರು ರಸ್ತೆಯ ಬಸ್ಸಿನವರಿಗೂ ಕೇಳುವಷ್ಟು ಜೋರಾಗಿ ಮೈಕ್ ಸೆಟ್ಟಿನ ಸ್ಪೀಕರು ಕೂಗಿತು. ಗಂಡಿನ ತಾಯಿ ಸೋಮಮ್ಮ ದಡಕ್ಕನೆ ಎದ್ದು ನಿಂತಳು.

"ಯಾರವ್ವ ಅವ್ಳು ಚೈತ್ರ? ನಮ್ ಮಗನ ಪಕ್ಕ ಯಾರ್ನ ಕೂರುಸ್ತಾವ್ರೆ?"

ಅರ್ಪಿತಳ ಕಣ್ಣಲ್ಲಿ ನೀರು ಬಂತು. ಚಪ್ಪರದಲ್ಲಿದ್ದವರೆಲ್ಲ ಪುಟ್ಟತಾಯಮ್ಮನ ಕಡೆ ತಿರುಗಿದರು. ಒಬ್ಬಳಂತೂ, "ಇಂತಾ ಒತ್ನಲ್ಲಿ ಇಂಗಾ ಪದ ಏಳೋದು?" ಎಂದು ಗದರಿಯೇಬಿಟ್ಟಳು.

"ನಾನೆಲ್ಲವ್ವ ಏಳ್ದೆ? ಬಾಯ್ ಮುಚ್ಕಂಡು ಕೂತಿವ್ನಿ, ನೋಡು," ಅಂದಳು ಪುಟ್ಟತಾಯಮ್ಮ. ಹಾಗೆ ಹೇಳಿ ಎದ್ದು ಹೋಗಿಬಿಡಬೇಕೆಂದು ಆಕೆಗೆ ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಹೆಣ್ಣಿನ ತಾಯಿ ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಓಡಿಬಂದಳು. ಹುಡುಗಿಯ ಮುಖ ನೋಡಿದ ಮೇಲೆ ಬಿಗುಮಾನ ನಿಲ್ಲಲಿಲ್ಲ. ಆಕೆ ಅರ್ಪಿತಮ್ಮನ ಹೆಸರು ಹಿಡಿದು ಅದೇ ಪದವನ್ನು ಮೊದಲಿಂದ ಹೇಳಿದಳು. ಸೋಮಮ್ಮ ಕೂತಳು.

ಸುದ್ದಿ ಊರೂರಿಗೆ ಹಬ್ಬಿ, ಕ್ಯಾಸೆಟ್ಟು ವಾಪಸು ತಂದವರ ಬೈಗುಳ ತಿಂದು, ವಾರದೊಳಗೆ ಧರ್ಮೇಂದ್ರ ಪಾಲಹಳ್ಳಿಗೆ ಬಂದ. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಹೊಸ ಕ್ಯಾಸೆಟ್ಟು.

"ತಪ್ಪಾಯ್ತು ದೊಡ್ಡವ್ವ. ಇನ್ನೊಂದ್ಸಲ ತುಂಬ್ಕೊಡಿ."

"ತುಂಬ್ಕೊಡ್ತೀನಿ. ಎಣ್ಣಿನ ಎಸ್ರು ಬರೋ ಜಾಗ್ದಲ್ಲಿ ನಾನು ಸುಮ್ಕಾಯ್ತೀನಿ, ಆ ಮನೆ ಎಂಗುಸ್ರೇ ಅದ್ನ ಅನ್ಲಿ. ಇನ್ನೊಂದು, ಮೊದ್ಲು ನಂದೊಂದು ಮಾತು ಇರ್ಬೇಕು."

ಆ ಮಾತು ಇಷ್ಟೇ: "ನಾನು ಪಾಲಳ್ಳಿ ಪುಟ್ಟತಾಯಮ್ಮ. ಈ ಪದ ಆಕೋರು ನನ್ನ ಒಂದ್ ಮಾತು ಕೇಳಿ ಆಕ್ಕಳ್ಳಿ. ಕಾಸ್ ಬ್ಯಾಡ. ಎಲೆ ಅಡ್ಕೆ ಕಳ್ಸಿ, ಸಾಕು."

"ಜನ ಕಾಪಿ ಒಡ್ಕತಾರೆ ದೊಡ್ಡವ್ವ, ತಡಿಯಾಕಾಗಕಿಲ್ಲ," ಅಂದ ಧರ್ಮೇಂದ್ರ.

"ಒಡ್ಕಳ್ಳಿ ಬುಡ್ಲಾ. ಪದದ ಜೊತೆಗೆ ನನ್ ಮಾತೂ ಕಾಪಿಯಾಯ್ತದಲ್ಲ."

ಆದದ್ದೂ ಹಾಗೆಯೇ. ಕೆಲವು ಅಂಗಡಿಯವರಿಗೆ ಆ ಮಾತನ್ನು ಅಳಿಸುವುದು ತಿಳಿಯಲಿಲ್ಲ, ಕೆಲವರಿಗೆ ಧೈರ್ಯವಾಗಲಿಲ್ಲ. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಎಲೆ ಅಡಿಕೆಯ ಪೊಟ್ಟಣಗಳು ಬರತೊಡಗಿದವು. ನೂರು ಮದುವೆಯಲ್ಲಿ ಹತ್ತು ಮನೆಯವರು ಕಳಿಸಿದರೆ ಹೆಚ್ಚು. ಉಳಿದ ತೊಂಬತ್ತು ಮನೆಯವರಿಗೆ ಪುಟ್ಟತಾಯಮ್ಮ ಒಂದಿಷ್ಟು ಬೈದಳು, ಆ ಹತ್ತು ಮನೆಯ ಎಲೆಯನ್ನು ನೆಮ್ಮದಿಯಾಗಿ ಜಗಿದಳು.

ತೊಂಬತ್ತಾರರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕೆ.ಆರ್.ಪೇಟೆ ಕಡೆಯ ಗೋವಿಂದನಹಳ್ಳಿಯಿಂದ ತಾಯಿ ಮಗಳಿಬ್ಬರು ಎರಡು ಬಸ್ಸು ಬದಲಾಯಿಸಿ, ಮನೆ ಕೇಳಿಕೊಂಡು ಬಂದರು. ತಾಯಿ ಬೆಟ್ಟಮ್ಮ. ಮಗಳು ಸ್ನೇಹ, ಮದುವೆಯಾಗಿ ತಿಂಗಳಾಗಿತ್ತು. ಅವಳು ಪುಟ್ಟತಾಯಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಅವ್ವ, ಇವ್ರು ಬದ್ಕವ್ರೆ!" ಅಂದುಬಿಟ್ಟಳು.

ಬೆಟ್ಟಮ್ಮ ಮಗಳ ತೋಳು ಚಿವುಟಿದಳು. "ಬೇಜಾರ್ ಮಾಡ್ಕಬ್ಯಾಡಿ ತಾಯಿ. ಕ್ಯಾಸೆಟ್ನಲ್ಲಿ ಬರೋರೆಲ್ಲಾ ಯಾವತ್ತೋ ತೀರ್ಕಂಡೋರು ಅಂದ್ಕಂಡವ್ಳೆ."

ಪುಟ್ಟತಾಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಬೆಟ್ಟಮ್ಮ ಬಂದ ಕಾರಣ ಹೇಳಿದಳು. ಸ್ನೇಹಳ ಮದುವೆಯಲ್ಲಿ ಪುಟ್ಟತಾಯಮ್ಮನನ್ನು ಕೇಳದೆಯೇ ಕ್ಯಾಸೆಟ್ಟು ಹಾಕಿದ್ದರು. ಹೆಸರಿನ ಜಾಗ ಬಂದಾಗ ನೀನು ಹೇಳು, ನೀನು ಹೇಳು ಎಂದು ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಯಾರ ಬಾಯಿಂದಲೂ ಹೊರಡಲಿಲ್ಲ. ಪದ ಮುಂದಕ್ಕೆ ಹೋಗಿಬಿಟ್ಟಿತು.

"ನನ್ ಎಸ್ರು ಯಾರೂ ಅನ್ನಲೇ ಇಲ್ಲ," ಅಂದಳು ಸ್ನೇಹ. ತಿಂಗಳಾದರೂ ಅದು ಅವಳ ಮನಸ್ಸಿನಲ್ಲಿ ಉಳಿದಿತ್ತು. ಬೆಟ್ಟಮ್ಮ ಚೀಲದಿಂದ ಎಲೆ ಅಡಿಕೆ ತೆಗೆದು ಪುಟ್ಟತಾಯಮ್ಮನ ಮುಂದಿಟ್ಟು, "ಈಗ್ಲಾದ್ರೂ ಕೇಳ್ತಾವ್ನಿ ತಾಯಿ," ಅಂದಳು.

ಪುಟ್ಟತಾಯಮ್ಮ ಎಲೆಯನ್ನು ಕಣ್ಣಿಗೊತ್ತಿಕೊಂಡಳು. ಒಳಗಿಂದ ಚಾಪೆ ತಂದು ಜಗಲಿಯ ಮೇಲೆ ಹಾಸಿ ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಗಂಟಲು ಸರಿಮಾಡಿಕೊಂಡು ಹಸೆ ಪದ ಶುರುಮಾಡಿದಳು. ಸ್ನೇಹ ಅನ್ನುವುದು ಎರಡೇ ಅಕ್ಷರದ ಹೆಸರು. ಪುಟ್ಟತಾಯಮ್ಮ ಅದನ್ನು ಎಳೆದೆಳೆದು ಒಂದು ಸಾಲು ಪೂರ್ತಿ ತುಂಬುವ ಹಾಗೆ ಹೇಳಿದಳು.